ಅರಿಯದ ಊರಿನಲ್ಲಿ ಡ್ರೈವಿಂಗ್ ಟೆಸ್ಟ್

ಬ್ರಿಟನ್ನಿನಲ್ಲಿ ಕಾರಿನ ಡ್ರೈವಿಂಗ್ ಟೆಸ್ಟನ್ನು ವಾಸವಿರುವ ಊರಿನಲ್ಲೇ ಕೊಡಬೇಕೆಂಬ ನಿಯಮವಿಲ್ಲ. ಇಂಗ್ಲೆಂಡ್, ಸ್ಕಾಟ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 300ಕ್ಕೂ ಹೆಚ್ಚು ಪರೀಕ್ಷಾ ಕೇಂದ್ರಗಳಿದ್ದು, ಅಭ್ಯರ್ಥಿ ತನಗೆ ಬೇಕಾದ ಕೇಂದ್ರದಲ್ಲಿ ದಿನಾಂಕ ಕಾಯ್ದಿರಿಸಬಹುದು. ಎಲ್ಲಿ ಪಾಸಾದರೂ ಸಿಗುವ ಲೈಸೆನ್ಸ್ ಒಂದೇ. ಲಂಡನ್ನಿನಲ್ಲಿ ಕಲಿತವರು ವೇಲ್ಸ್‌ನ ಸಣ್ಣ ಪಟ್ಟಣಕ್ಕೆ, ಬರ್ಮಿಂಗ್‌ಹ್ಯಾಮ್‌ನವರು ಸ್ಕಾಟ್ಲೆಂಡಿಗೆ ಹೋಗಿ ಟೆಸ್ಟ್ ಕೊಟ್ಟು ಬರುವುದು ಈಚಿನ ವರ್ಷಗಳಲ್ಲಿ ಅಪರೂಪವಲ್ಲ. ಒಮ್ಮೆಯೂ ಓಡಿಸದ ರಸ್ತೆಗಳಲ್ಲಿ, ಪಕ್ಕದಲ್ಲಿ ಕೂತ ಅಪರಿಚಿತ ಪರೀಕ್ಷಕರ ಮುಂದೆ, ಸುಮಾರು 40 ನಿಮಿಷ ಕಾರು ನಡೆಸಬೇಕು.

ಇದು ಅಲ್ಲಿನ ಕನ್ನಡಿಗರಿಗೂ ನೇರವಾಗಿ ಸಂಬಂಧಿಸಿದ ವಿಷಯ. ಭಾರತದ ಲೈಸೆನ್ಸ್ ಇದ್ದವರು ಗ್ರೇಟ್ ಬ್ರಿಟನ್ನಿನಲ್ಲಿ ನೆಲೆಸಿದ ದಿನದಿಂದ 12 ತಿಂಗಳು ಮಾತ್ರ ಅದರ ಮೇಲೆ ಕಾರು ಓಡಿಸಬಹುದು. ಆಸ್ಟ್ರೇಲಿಯಾ, ಜಪಾನ್, ಸಿಂಗಾಪುರದಂಥ ಕೆಲವು ದೇಶಗಳ ಲೈಸೆನ್ಸನ್ನು ಅಲ್ಲಿನ ಲೈಸೆನ್ಸಿಗೆ ಬದಲಾಯಿಸಿಕೊಳ್ಳಬಹುದು. ಭಾರತ ಆ ಪಟ್ಟಿಯಲ್ಲಿಲ್ಲ. ಹೀಗಾಗಿ ಮೈಸೂರು, ಹುಬ್ಬಳ್ಳಿ, ಬೆಂಗಳೂರುಗಳಲ್ಲಿ ವರ್ಷಗಟ್ಟಲೆ ಕಾರು ಓಡಿಸಿದ ವೈದ್ಯರು, ನರ್ಸ್‌ಗಳು, ಸಾಫ್ಟ್‌ವೇರ್ ಎಂಜಿನಿಯರುಗಳು ಕೂಡ ಕಲಿಕಾ ಲೈಸೆನ್ಸ್ ಪಡೆದು, ಥಿಯರಿ ಪರೀಕ್ಷೆ ಮುಗಿಸಿ, ರಸ್ತೆಯ ಟೆಸ್ಟ್ ಎದುರಿಸಬೇಕಾಗುತ್ತದೆ. ದೇಶವೇ ಹೊಸದಾಗಿರುವ ಅವರಿಗೆ ಎಷ್ಟೋ ಸಲ ಟೆಸ್ಟಿನ ಊರೂ ಹೊಸದು.

ಪರೀಕ್ಷೆ ಬೆಳೆದು ಬಂದ ಬಗೆ

ಬ್ರಿಟನ್ನಿನಲ್ಲಿ ಚಾಲನಾ ಪರೀಕ್ಷೆಗೆ ಅವಕಾಶ ಮಾಡಿದ್ದು 1934ರ ರಸ್ತೆ ಸಂಚಾರ ಕಾಯ್ದೆ. ಒಮ್ಮೆಲೇ ನೂಕುನುಗ್ಗಲು ಆಗದಿರಲೆಂದು 1935ರ ಮಾರ್ಚ್‌ನಲ್ಲಿ ಇಚ್ಛೆಯುಳ್ಳವರಿಗೆ ಪರೀಕ್ಷೆ ಶುರುವಾಯಿತು. ಜೂನ್ 1ರಿಂದ ಅದು ಕಡ್ಡಾಯವಾಯಿತು. 1934ರ ಏಪ್ರಿಲ್ 1 ಅಥವಾ ಅದರ ನಂತರ ಚಾಲನೆ ಆರಂಭಿಸಿದ ಎಲ್ಲರಿಗೂ ಅದು ಅನ್ವಯಿಸಿತು. ಆಗ ಪರೀಕ್ಷಾ ಕೇಂದ್ರ ಎಂಬುದೇ ಇರಲಿಲ್ಲ. ಅಂಚೆ ಕಚೇರಿ, ರೈಲು ನಿಲ್ದಾಣ, ಪುರಭವನ ಹೀಗೆ ಎಲ್ಲಾದರೂ ಒಂದು ಕಡೆ ಪರೀಕ್ಷಕರನ್ನು ಭೇಟಿಯಾಗಿ, ಅಲ್ಲಿಂದಲೇ ಹೊರಡಬೇಕಿತ್ತು. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ನಿಂತಿದ್ದ ಪರೀಕ್ಷೆ 1946ರ ನವೆಂಬರ್‌ನಲ್ಲಿ ಮತ್ತೆ ಆರಂಭವಾಯಿತು.

1996ರಲ್ಲಿ ಪ್ರತ್ಯೇಕ ಥಿಯರಿ ಪರೀಕ್ಷೆ ಬಂತು. 2002ರಲ್ಲಿ ಅದಕ್ಕೆ ವಿಡಿಯೊ ನೋಡಿ ಅಪಾಯ ಗುರುತಿಸುವ ಭಾಗ ಸೇರಿತು. ಅರಿಯದ ಊರಿನ ವಿಷಯಕ್ಕೆ ಮುಖ್ಯವಾದ ಬದಲಾವಣೆಯಾದದ್ದು 2010ರ ಅಕ್ಟೋಬರ್‌ನಲ್ಲಿ. ಅಲ್ಲಿಯವರೆಗೆ ಪರೀಕ್ಷಾ ಮಾರ್ಗಗಳ ವಿವರವನ್ನು ಪರೀಕ್ಷೆ ನಡೆಸುವ ಸರ್ಕಾರಿ ಸಂಸ್ಥೆಯೇ ಪ್ರಕಟಿಸುತ್ತಿತ್ತು. ಕಲಿಯುವವರು ಆ ಮಾರ್ಗಗಳನ್ನೇ ಬಾಯಿಪಾಠ ಮಾಡಿಕೊಳ್ಳುವುದನ್ನು ತಪ್ಪಿಸಲು ಅದನ್ನು ನಿಲ್ಲಿಸಲಾಯಿತು. ಅದೇ ತಿಂಗಳಿಂದ ಪರೀಕ್ಷೆಯ ಒಂದು ಭಾಗದಲ್ಲಿ ಅಭ್ಯರ್ಥಿಯು ಪರೀಕ್ಷಕರ ತಿರುವು-ತಿರುವಿನ ಸೂಚನೆಯಿಲ್ಲದೆ ತಾನೇ ದಾರಿ ಕಂಡುಕೊಂಡು ಹೋಗಬೇಕಾಯಿತು. 2017ರ ಡಿಸೆಂಬರ್‌ನಲ್ಲಿ ಈ ಸ್ವತಂತ್ರ ಚಾಲನೆಯ ಅವಧಿ ಸುಮಾರು 20 ನಿಮಿಷಕ್ಕೆ ಏರಿತು. ಹೆಚ್ಚಿನವರು ಸ್ಯಾಟ್‌ನ್ಯಾವ್ (ದಾರಿ ಹೇಳುವ ಉಪಕರಣ) ಹೇಳಿದ ದಾರಿ ಹಿಡಿಯುವುದು ಅಲ್ಲಿಂದ ರೂಢಿಗೆ ಬಂತು. ಈಗ ಪರೀಕ್ಷೆ ನಡೆಸುತ್ತಿರುವುದು 2014ರಲ್ಲಿ ರೂಪುಗೊಂಡ ಡಿವಿಎಸ್‌ಎ ಎಂಬ ಸರ್ಕಾರಿ ಸಂಸ್ಥೆ.

ಈ ಬದಲಾವಣೆಗಳೆಲ್ಲ ಹೋದದ್ದು ಒಂದೇ ದಿಕ್ಕಿಗೆ. ಪರೀಕ್ಷೆ ಅಳೆಯಬೇಕಾದದ್ದು ಅಭ್ಯರ್ಥಿಗೆ ಆ ಊರು ಎಷ್ಟು ಗೊತ್ತು ಎಂಬುದನ್ನಲ್ಲ, ಕಂಡರಿಯದ ರಸ್ತೆಯನ್ನು ಆ ಕ್ಷಣದಲ್ಲಿ ಓದಿಕೊಂಡು ಸುರಕ್ಷಿತವಾಗಿ ನಡೆಸಬಲ್ಲನೇ ಎಂಬುದನ್ನು. ಲೈಸೆನ್ಸ್ ಇಡೀ ದೇಶಕ್ಕೆ ಅನ್ವಯಿಸುವುದರಿಂದ ಈ ನಿಲುವು ನ್ಯಾಯವಾದದ್ದು.

ಬೇರೆ ಊರಿಗೆ ಹೋಗುವುದು ಏಕೆ

ಮೊದಲ ಕಾರಣ ದಿನಾಂಕದ ಅಭಾವ. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದಾಗಿ ಪರೀಕ್ಷೆಗಳು ನಿಂತವು. ನಂತರದ ಲಾಕ್‌ಡೌನ್‌ಗಳಲ್ಲೂ ಮತ್ತೆ ಮತ್ತೆ ನಿಂತು, ಬಾಕಿ ಉಳಿದವರ ಸಾಲು ಬೆಳೆಯಿತು. ಪರೀಕ್ಷಕರ ಕೊರತೆಯೂ ಸೇರಿ, 2025ರಲ್ಲಿ ಸರಾಸರಿ ಕಾಯುವ ಅವಧಿ 20 ವಾರ ದಾಟಿತ್ತು. ಗರಿಷ್ಠ 24 ವಾರ ಮುಂದಿನ ದಿನಾಂಕದವರೆಗೆ ಮಾತ್ರ ಬುಕಿಂಗ್ ಇರುವುದರಿಂದ ಅನೇಕ ನಗರ ಕೇಂದ್ರಗಳಲ್ಲಿ ಖಾಲಿ ದಿನವೇ ಕಾಣಿಸುವುದಿಲ್ಲ. ಸ್ವಯಂಚಾಲಿತ ತಂತ್ರಾಂಶ ಬಳಸಿ ದಿನಾಂಕಗಳನ್ನು ಕಬಳಿಸಿ ಹೆಚ್ಚಿನ ಬೆಲೆಗೆ ಮಾರುವವರೂ ಹುಟ್ಟಿಕೊಂಡರು. ಸರ್ಕಾರಿ ಶುಲ್ಕ ವಾರದ ದಿನಗಳಲ್ಲಿ 62 ಪೌಂಡ್. ಸಂಜೆ, ವಾರಾಂತ್ಯ ಮತ್ತು ಸಾರ್ವಜನಿಕ ರಜಾದಿನಗಳಲ್ಲಿ 75 ಪೌಂಡ್. ಅದಕ್ಕಿಂತ ಹಲವು ಪಟ್ಟು ಕೊಟ್ಟವರೂ ಇದ್ದಾರೆ. ಈ ದಂಧೆಯನ್ನು ತಡೆಯಲು, ಟೆಸ್ಟನ್ನು ಕಲಿಯುವವರೇ ಕಾಯ್ದಿರಿಸಬೇಕು, ಕಾಯ್ದಿರಿಸಿದ ಮೇಲೆ ಅದನ್ನು ಹತ್ತಿರದ ಕೇಂದ್ರಗಳಿಗೆ ಮಾತ್ರ ಬದಲಾಯಿಸಬಹುದು ಎಂಬ ಕ್ರಮಗಳನ್ನು ಸರ್ಕಾರ 2025ರ ನವೆಂಬರ್‌ನಲ್ಲಿ ಘೋಷಿಸಿತು. ಆದ್ದರಿಂದ ಎಲ್ಲೋ ಒಂದು ಕಡೆ ಹಿಡಿದಿಟ್ಟು ಆಮೇಲೆ ಊರಿಗೆ ತಂದುಕೊಳ್ಳುವ ಯೋಚನೆ ಈಗ ನೆಚ್ಚುವಂಥದ್ದಲ್ಲ. ಬುಕಿಂಗ್ ಮಾಡುವಾಗಲೇ ಕೇಂದ್ರದ ಬಗ್ಗೆ ನಿರ್ಧಾರ ಗಟ್ಟಿಯಾಗಿರಬೇಕು.

ಎರಡನೆಯ ಕಾರಣ ಪಾಸಾಗುವವರ ಪ್ರಮಾಣ. ದೇಶದಾದ್ಯಂತ ಟೆಸ್ಟಿಗೆ ಕೂತವರಲ್ಲಿ ಅರ್ಧಕ್ಕಿಂತ ತುಸು ಕಡಿಮೆ ಮಂದಿ ಪಾಸಾಗುತ್ತಾರೆ. ಆದರೆ ಕೇಂದ್ರದಿಂದ ಕೇಂದ್ರಕ್ಕೆ ಅಂತರ ದೊಡ್ಡದು. ಕೆಲವು ನಗರ ಕೇಂದ್ರಗಳಲ್ಲಿ ಮೂವರಲ್ಲಿ ಒಬ್ಬರ ಆಸುಪಾಸು ಪಾಸಾದರೆ, ಸ್ಕಾಟ್ಲೆಂಡಿನ ಕೆಲವು ಗ್ರಾಮೀಣ ಮತ್ತು ದ್ವೀಪ ಕೇಂದ್ರಗಳಲ್ಲಿ ಐವರಲ್ಲಿ ಮೂವರಿಗೂ ಹೆಚ್ಚು. ಈ ಅಂಕಿಗಳನ್ನು ನೋಡಿ ಸುಲಭದ ಊರು ಹುಡುಕುವವರಿದ್ದಾರೆ. ಎಲ್ಲ ಕಡೆಯೂ ಪರೀಕ್ಷೆಯ ಮಾನದಂಡ ಒಂದೇ ಎಂಬುದನ್ನು ಅಂಥವರು ಮರೆಯುತ್ತಾರೆ. ಬದಲಾಗುವುದು ವಾಹನ ದಟ್ಟಣೆ, ರಸ್ತೆಗಳ ಬಗೆ ಮತ್ತು ಪರೀಕ್ಷೆಗೆ ಬರುವವರ ತಯಾರಿ. ಹಳ್ಳಿಗಾಡಿನಲ್ಲಿ ಪಾಸಾಗುವವರು ಬಹುಪಾಲು ಆ ರಸ್ತೆಗಳಲ್ಲೇ ಕಲಿತವರು. ಪೊದೆಬೇಲಿಗಳ ನಡುವಿನ ಕಿರಿದಾದ ತಿರುವುಗಳಲ್ಲಿ ಒಮ್ಮೆಯೂ ಓಡಿಸದ ನಗರದ ಕಲಿಕೆದಾರರಿಗೆ ಆ ಅಂಕಿ ಅನ್ವಯಿಸುವುದಿಲ್ಲ.

ಪರೀಕ್ಷೆಯಲ್ಲಿ ಏನೇನಿರುತ್ತದೆ

ರಸ್ತೆಯ ಟೆಸ್ಟಿಗೆ ಮುನ್ನ ಥಿಯರಿ ಪಾಸಾಗಿರಬೇಕು. ಅದರಲ್ಲಿ 57 ನಿಮಿಷಕ್ಕೆ 50 ಪ್ರಶ್ನೆಗಳಿದ್ದು, 43ಕ್ಕೆ ಸರಿಯುತ್ತರ ಬೇಕು. ಅಪಾಯ ಗುರುತಿಸುವ 14 ವಿಡಿಯೊಗಳಲ್ಲಿ 75ಕ್ಕೆ 44 ಅಂಕ ಬೇಕು. ಈ ಫಲಿತಾಂಶಕ್ಕೆ ಎರಡು ವರ್ಷದ ಆಯುಷ್ಯ.

ಟೆಸ್ಟಿನ ದಿನ ಮೊದಲಿಗೆ ದೃಷ್ಟಿ ಪರೀಕ್ಷೆ. ನಿಂತಿರುವ ಕಾರಿನ ನಂಬರ್ ಪ್ಲೇಟನ್ನು 20 ಮೀಟರ್ ದೂರದಿಂದ ಓದಬೇಕು; ಓದಲಾಗದಿದ್ದರೆ ಕಾರು ಹೊರಡುವುದೇ ಇಲ್ಲ. ನಂತರ ವಾಹನದ ಸುರಕ್ಷತೆಯ ಬಗ್ಗೆ ಎರಡು ಪ್ರಶ್ನೆ. ಬ್ರೇಕ್ ಅಥವಾ ಟೈರ್ ಸರಿಯಿದೆಯೆಂದು ಹೇಗೆ ನೋಡುತ್ತೀರಿ ಎಂಬಂಥದ್ದಕ್ಕೆ ಹೊರಡುವ ಮೊದಲು ಉತ್ತರ ಹೇಳಬೇಕು. ಗಾಜು ತೊಳೆದು ತೋರಿಸಿ, ಹಿಂದಿನ ಗಾಜಿನ ಹೀಟರ್ ಹಾಕಿ ಎಂಬಂಥದ್ದನ್ನು ಕಾರು ಓಡಿಸುತ್ತಲೇ ಮಾಡಿ ತೋರಿಸಬೇಕು. ಆಮೇಲೆ ಸಾಮಾನ್ಯ ಚಾಲನೆ, ಅಲ್ಲಲ್ಲಿ ಬದಿಗೆ ನಿಲ್ಲಿಸಿ ಮತ್ತೆ ಹೊರಡುವುದು, ಒಂದು ರಿವರ್ಸ್ ಕಸರತ್ತು ಮತ್ತು ಸ್ವತಂತ್ರ ಚಾಲನೆ. ರಿವರ್ಸ್‌ನಲ್ಲಿ ರಸ್ತೆಬದಿಗೆ ಸಮಾನಾಂತರವಾಗಿ ಪಾರ್ಕ್ ಮಾಡುವುದು, ಪಾರ್ಕಿಂಗ್ ಜಾಗದ ಗೆರೆಗಳೊಳಗೆ ನಿಲ್ಲಿಸಿ ಹೊರತೆಗೆಯುವುದು, ರಸ್ತೆಯ ಬಲಬದಿಗೆ ನಿಲ್ಲಿಸಿ ಎರಡು ಕಾರಿನಷ್ಟು ಹಿಂದೆ ಬಂದು ಮತ್ತೆ ಸೇರಿಕೊಳ್ಳುವುದು, ಇವುಗಳಲ್ಲಿ ಒಂದು ಬರುತ್ತದೆ. ತುರ್ತಾಗಿ ನಿಲ್ಲಿಸುವ ಪರೀಕ್ಷೆ ಎಲ್ಲರಿಗೂ ಇರುವುದಿಲ್ಲ. 2025ರ ಕೊನೆಯಲ್ಲಿ ಅದನ್ನು ಮೂವರಲ್ಲಿ ಒಬ್ಬರಿಂದ ಏಳು ಜನರಲ್ಲಿ ಒಬ್ಬರಿಗೆ ಇಳಿಸಲಾಯಿತು. ಬದಿಗೆ ನಿಲ್ಲಿಸುವ ಸಂಖ್ಯೆಯನ್ನೂ ತಗ್ಗಿಸಲಾಯಿತು. ಉಳಿದ ಸಮಯ ವೇಗದ ರಸ್ತೆಗಳಿಗೆ ಸಿಗಲಿ ಎಂಬುದು ಉದ್ದೇಶ. ಬೇರೆ ಊರಿನಿಂದ ಬರುವವರಿಗೆ ಇದರ ಅರ್ಥ, ನಗರದಾಚೆಯ ರಸ್ತೆಗಳ ಅಭ್ಯಾಸ ಮೊದಲಿಗಿಂತ ಹೆಚ್ಚು ಬೇಕು.

ತಪ್ಪುಗಳನ್ನು ಮೂರು ಬಗೆಯಾಗಿ ಗುರುತಿಸುತ್ತಾರೆ: ಸಣ್ಣ ತಪ್ಪು, ಗಂಭೀರ ತಪ್ಪು, ಅಪಾಯಕಾರಿ ತಪ್ಪು. ಸಣ್ಣವು 15ರವರೆಗೆ ಇದ್ದರೂ ಪಾಸು. ಗಂಭೀರ ಅಥವಾ ಅಪಾಯಕಾರಿ ತಪ್ಪು ಒಂದೇ ಒಂದು ಇದ್ದರೂ ಫೇಲು. ಅಡ್ಡರಸ್ತೆಗಳಲ್ಲಿ ಸರಿಯಾಗಿ ನೋಡದಿರುವುದು, ದಿಕ್ಕು ಬದಲಿಸುವಾಗ ಕನ್ನಡಿ ನೋಡದಿರುವುದು ಫೇಲಾಗುವ ಮುಖ್ಯ ಕಾರಣಗಳಲ್ಲಿ ವರ್ಷವೂ ಮೇಲಿರುತ್ತವೆ. ಎರಡೂ ಯಾವ ಊರಿನಲ್ಲಾದರೂ ಆಗುವ ತಪ್ಪುಗಳು. ಹೊಸ ಊರಿನಲ್ಲಿ ಮನಸ್ಸು ದಾರಿಯ ಕಡೆ ಹರಿದಾಗ ಅವು ಇನ್ನಷ್ಟು ಸುಲಭವಾಗಿ ನುಸುಳುತ್ತವೆ.

ಊರು ಬದಲಾದರೆ ಏನು ಬದಲಾಗುತ್ತದೆ

ಮೊದಲು ಬದಲಾಗುವುದು ವೇಗದ ಮಿತಿ. ಇಂಗ್ಲೆಂಡಿನಲ್ಲಿ ಬೀದಿದೀಪಗಳಿರುವ ರಸ್ತೆಯಲ್ಲಿ ಬೇರೆ ಫಲಕ ಇಲ್ಲದಿದ್ದರೆ ಮಿತಿ ಗಂಟೆಗೆ 30 ಮೈಲಿ, ಅಂದರೆ ಸುಮಾರು 48 ಕಿ.ಮೀ. ವೇಲ್ಸ್‌ನಲ್ಲಿ 2023ರ ಸೆಪ್ಟೆಂಬರ್ 17ರಿಂದ ಅಂಥ ರಸ್ತೆಗಳ ಸಾಮಾನ್ಯ ಮಿತಿ 20 ಮೈಲಿ. ಬ್ರಿಸ್ಟಲ್‌ನಿಂದ ಸೇತುವೆ ದಾಟಿ ವೇಲ್ಸ್‌ಗೆ ಟೆಸ್ಟಿಗೆ ಹೋದವರು ತಮ್ಮ ಊರಿನ ರೂಢಿಯಲ್ಲೇ ಓಡಿಸಿದರೆ ಆ ಒಂದು ಕಾರಣಕ್ಕೇ ಫೇಲಾಗಬಹುದು. ವೇಲ್ಸ್‌ನ ಫಲಕಗಳಲ್ಲೂ ರಸ್ತೆಯ ಮೇಲಿನ ಬರಹದಲ್ಲೂ ವೆಲ್ಷ್ ಮತ್ತು ಇಂಗ್ಲಿಷ್ ಎರಡೂ ಇರುವುದರಿಂದ, ತನಗೆ ಬೇಕಾದ ಸಾಲನ್ನು ಬೇಗ ಗುರುತಿಸುವ ಅಭ್ಯಾಸವೂ ಬೇಕು.

ಬಿಳಿ ವೃತ್ತದ ಮೇಲೆ ಓರೆಯಾಗಿ ಕಪ್ಪು ಪಟ್ಟೆ ಇರುವ ಫಲಕ ಕಂಡರೆ ರಾಷ್ಟ್ರೀಯ ಮಿತಿ ಶುರುವಾಯಿತೆಂದು ಅರ್ಥ. ಕಾರುಗಳಿಗೆ ಒಂಟಿ ರಸ್ತೆಯಲ್ಲಿ 60 ಮೈಲಿ, ನಡುವೆ ವಿಭಜಕವಿರುವ ಜೋಡಿ ರಸ್ತೆಯಲ್ಲಿ 70. ಹಳ್ಳಿಗಾಡಿನ ಕಿರಿದಾದ ರಸ್ತೆಗೂ ಈ 60 ಅನ್ವಯವಾಗುತ್ತದೆ. ಅದು ಮಿತಿಯೇ ಹೊರತು ಗುರಿಯಲ್ಲ. 60ರಲ್ಲಿ ಹೋಗುವ ಕಾರು ನಿಲ್ಲಲು, ಬ್ರಿಟನ್ನಿನ ರಸ್ತೆ ನಿಯಮಗಳ ಕೈಪಿಡಿಯಾದ ಹೆದ್ದಾರಿ ಸಂಹಿತೆಯ ಪ್ರಕಾರ, 73 ಮೀಟರ್ ಬೇಕು, 30ರಲ್ಲಿ 23 ಮೀಟರ್ ಸಾಕು. ಕಣ್ಣಿಗೆ ಕಾಣುವಷ್ಟು ದೂರದೊಳಗೆ ನಿಲ್ಲಿಸಬಲ್ಲ ವೇಗವೇ ಸರಿಯಾದ ವೇಗ. ತಿರುವಿನ ಆಚೆ ಏನಿದೆಯೆಂದು ಗೊತ್ತಿಲ್ಲದ ಹೊರಗಿನವರಿಗೆ ಈ ಸೂತ್ರವೇ ಆಸರೆ. ಹಾಗೆಂದು ನೇರವಾದ, ಖಾಲಿಯಾದ ರಸ್ತೆಯಲ್ಲಿ ಅಳುಕಿ 35ರಲ್ಲಿ ತೆವಳಿದರೆ ಅದೂ ತಪ್ಪೆಂದು ದಾಖಲಾಗುತ್ತದೆ.

ಎರಡನೆಯದು ರೌಂಡಬೌಟ್. ಒಳಗೆ ಪ್ರವೇಶಿಸುವವರು ಬಲದಿಂದ ಬರುವ ವಾಹನಕ್ಕೆ ದಾರಿ ಬಿಡಬೇಕೆಂಬ ನಿಯಮ ಬ್ರಿಟನ್ನಿನಲ್ಲಿ 1966ರಿಂದ ಇದೆ. ನಿಯಮ ಒಂದೇ ಆದರೂ ರೂಪಗಳು ಹಲವು. ಕೆಲವು ಊರುಗಳಲ್ಲಿ ರಸ್ತೆಯ ಮೇಲೆ ಬಿಳಿ ಬಣ್ಣದ ಗುಬುಟು ಮಾತ್ರ ಇರುವ ಕಿರು ರೌಂಡಬೌಟುಗಳು ಒಂದರ ಹಿಂದೆ ಒಂದು ಬರುತ್ತವೆ. ಹೊಸ ಬಡಾವಣೆಗಳ ಊರುಗಳಲ್ಲಿ ಮೂರು ಲೇನಿನ ದೊಡ್ಡವು ಇರುತ್ತವೆ. ಸ್ವಿಂಡನ್ನಿನಲ್ಲಿ 1972ರಲ್ಲಿ ಕಟ್ಟಿದ ಒಂದರಲ್ಲಂತೂ ನಡುವಿನ ವೃತ್ತದ ಸುತ್ತ ಐದು ಕಿರು ರೌಂಡಬೌಟುಗಳಿವೆ. ದೊಡ್ಡ ರೌಂಡಬೌಟಿನಲ್ಲಿ ಸ್ಥಳೀಯರಿಗೆ ಯಾವ ಲೇನು ಎಲ್ಲಿಗೆ ಎಂಬುದು ಕೈಗೇ ಗೊತ್ತಿರುತ್ತದೆ. ಹೊರಗಿನವರಿಗೆ ಆಧಾರ ಎರಡು: ಮುಂಚೆಯೇ ಬರುವ ನಕ್ಷೆಯ ಫಲಕ ಮತ್ತು ನೆಲದ ಮೇಲಿನ ಬಾಣಗಳು. ಮುಂದೆ ಕಾರುಗಳ ಸಾಲು ನಿಂತಿದ್ದರೆ ಬಾಣಗಳು ಮುಚ್ಚಿಹೋಗುತ್ತವೆ. ಅದಕ್ಕೇ ಫಲಕವನ್ನು ದೂರದಿಂದಲೇ ಓದಿ ಮುಗಿಸಿರಬೇಕು.

ಮೂರನೆಯದು ಊರಿನ ಸ್ವಭಾವ. ಮ್ಯಾಂಚೆಸ್ಟರ್, ಶೆಫೀಲ್ಡ್, ನಾಟಿಂಗ್‌ಹ್ಯಾಮ್, ಎಡಿನ್‌ಬರೋಗಳಲ್ಲಿ ಟ್ರಾಮ್‌ಗಳಿವೆ; ಅವುಗಳ ಸಿಗ್ನಲ್ ಬೇರೆ, ಹಳಿಗಳ ಮೇಲೆ ಮಳೆಯಲ್ಲಿ ಟೈರು ಜಾರುತ್ತದೆ. ನಗರಗಳಲ್ಲಿ ಬಸ್ ಲೇನಿನ ಪಕ್ಕದ ಸಣ್ಣ ಫಲಕದಲ್ಲಿ ಅದು ಜಾರಿಯಿರುವ ವೇಳೆ ಬರೆದಿರುತ್ತದೆ. ಆ ವೇಳೆ ಮೀರಿದ ಮೇಲೂ ಖಾಲಿ ಬಸ್ ಲೇನನ್ನು ಬಿಟ್ಟು ಸಾಲಿನಲ್ಲೇ ನಿಂತರೆ ಫಲಕ ಓದಿಲ್ಲವೆಂದು ಗೊತ್ತಾಗುತ್ತದೆ. ಗುಡ್ಡಗಾಡಿನ ಊರುಗಳಲ್ಲಿ ಏರಿನಲ್ಲಿ ನಿಲ್ಲಿಸಿ ಹಿಂದೆ ಜಾರದಂತೆ ಹೊರಡುವುದೇ ದೊಡ್ಡ ಕೆಲಸ. ಹಳೆಯ ಪಟ್ಟಣಗಳಲ್ಲಿ ಎರಡೂ ಬದಿ ಕಾರು ನಿಂತ ಬೀದಿಯಲ್ಲಿ ಎದುರಿನವರಿಗೆ ಎಲ್ಲಿ ತಡೆದು ದಾರಿ ಬಿಡಬೇಕೆಂದು ಮುಂಚೆಯೇ ಅಂದಾಜು ಮಾಡಬೇಕು. ಒಂದೇ ವಾಹನ ಹಿಡಿಸುವ ಹಳ್ಳಿ ರಸ್ತೆಗಳಲ್ಲಿ ದಾರಿ ಬಿಡಲೆಂದೇ ಅಗಲ ಮಾಡಿದ ಜಾಗಗಳಿರುತ್ತವೆ. ಅಲ್ಲಿ ಕುದುರೆ ಸವಾರರು, ಟ್ರ್ಯಾಕ್ಟರು, ಕುರಿಗಳು ಎದುರಾಗುವುದೂ ಸಹಜ.

ಭಾರತದಲ್ಲಿ ಕಲಿತ ಚಾಲಕರಿಗೆ ಎಡಬದಿಯ ಸಂಚಾರ ಅನುಕೂಲವೇ. ಆದರೆ ಕೆಲವು ರೂಢಿಗಳನ್ನು ಬಿಡಬೇಕಾಗುತ್ತದೆ. ಹಾರ್ನ್ ಅಲ್ಲಿ ತನ್ನ ಇರುವನ್ನು ತಿಳಿಸಲೇಬೇಕಾದ ಸಂದರ್ಭಕ್ಕೆ ಮಾತ್ರ. ಜೀಬ್ರಾ ಪಟ್ಟೆಯ ಅಂಚಿನಲ್ಲಿ ಕಾಯುತ್ತಿರುವವರಿಗೂ ದಾರಿ ಬಿಡಬೇಕು. 2022ರ ಜನವರಿಯಲ್ಲಿ ಹೆದ್ದಾರಿ ಸಂಹಿತೆಗೆ ಆದ ತಿದ್ದುಪಡಿಯಂತೆ, ತಿರುಗುತ್ತಿರುವ ಅಡ್ಡರಸ್ತೆಯನ್ನು ದಾಟಲು ನಿಂತ ಪಾದಚಾರಿಗೂ ಅದೇ ಮರ್ಯಾದೆ ಸಲ್ಲುತ್ತದೆ. ಪ್ರತಿ ಚಲನೆಗೂ ಮೊದಲು ಕನ್ನಡಿ, ಆಮೇಲೆ ಇಂಡಿಕೇಟರ್, ಆಮೇಲೆ ತಿರುಗುವುದು ಎಂಬ ಕ್ರಮ ತಪ್ಪಬಾರದು.

ಹೊಸಬರಿಗಾಗಿಯೇ ರೂಪಿಸಿದ ಫಲಕಗಳು

ಅರಿಯದ ಊರಿನಲ್ಲಿ ಪರೀಕ್ಷೆ ಕೊಡುವುದು ಸಾಧ್ಯವಾಗಿರುವುದೇ ಬ್ರಿಟನ್ನಿನ ರಸ್ತೆ ಫಲಕಗಳು ದೇಶದೆಲ್ಲೆಡೆ ಒಂದೇ ವ್ಯವಸ್ಥೆಗೆ ಒಳಪಟ್ಟಿರುವುದರಿಂದ. 1950ರ ದಶಕದವರೆಗೆ ಅಲ್ಲಿನ ಫಲಕಗಳಲ್ಲಿ ಏಕರೂಪವಿರಲಿಲ್ಲ. ಮೊದಲ ಮೋಟಾರ್‌ವೇ ಭಾಗವಾದ ಪ್ರೆಸ್ಟನ್ ಬೈಪಾಸ್ 1958ರಲ್ಲಿ ತೆರೆದಾಗ, ವೇಗದಲ್ಲಿ ಹೋಗುವವರಿಗೆ ದೂರದಿಂದಲೇ ಓದಲು ಬರುವ ಫಲಕಗಳು ಬೇಕಾದವು. ಅವನ್ನು ರೂಪಿಸಿದವರು ಜಾಕ್ ಕಿನ್ನೀರ್ ಮತ್ತು ಮಾರ್ಗರೆಟ್ ಕ್ಯಾಲ್ವರ್ಟ್ ಎಂಬ ವಿನ್ಯಾಸಕಾರರು. ನಂತರ ವರ್ಬಾಯ್ಸ್ ಸಮಿತಿಯ ಶಿಫಾರಸಿನಂತೆ ಎಲ್ಲ ರಸ್ತೆಗಳ ಫಲಕಗಳನ್ನೂ ಅವರೇ ರೂಪಿಸಿದರು. ಹೊಸ ವ್ಯವಸ್ಥೆ 1965ರ ಜನವರಿ 1ರಂದು ಜಾರಿಗೆ ಬಂತು. ಶಾಲೆಯ ಹತ್ತಿರ ಕಾಣುವ, ಹುಡುಗಿಯೊಬ್ಬಳು ಪುಟ್ಟ ಹುಡುಗನ ಕೈ ಹಿಡಿದು ನಡೆಯುವ ಚಿತ್ರ ಕ್ಯಾಲ್ವರ್ಟ್ ಅವರದೇ.

ಈ ವ್ಯವಸ್ಥೆಯ ವ್ಯಾಕರಣ ಸರಳ. ತ್ರಿಕೋನ ಎಚ್ಚರಿಸುತ್ತದೆ, ವೃತ್ತ ಆಜ್ಞೆ ಮಾಡುತ್ತದೆ, ಚೌಕಾಕಾರ ಮಾಹಿತಿ ಕೊಡುತ್ತದೆ. ಕೆಂಪು ಅಂಚಿನ ವೃತ್ತ ಸಾಮಾನ್ಯವಾಗಿ ನಿಷೇಧ, ನೀಲಿ ವೃತ್ತ ಕಡ್ಡಾಯ. ತಲೆಕೆಳಗಾದ ತ್ರಿಕೋನ ದಾರಿ ಬಿಡಲು, ಎಂಟು ಮೂಲೆಯದು ಪೂರ್ತಿ ನಿಲ್ಲಲು. ಇವೆರಡರ ಆಕಾರವನ್ನು ಬೇರೆ ಯಾವ ಫಲಕಕ್ಕೂ ಕೊಟ್ಟಿಲ್ಲವಾದ್ದರಿಂದ ಹಿಮ ಮುಚ್ಚಿದ್ದರೂ ಗುರುತು ಸಿಗುತ್ತದೆ. ದಿಕ್ಕು ತೋರುವ ಫಲಕಗಳಲ್ಲಿ ಮೋಟಾರ್‌ವೇಗೆ ನೀಲಿ ಹಿನ್ನೆಲೆ, ಮುಖ್ಯ ಮಾರ್ಗಗಳಿಗೆ ಹಸಿರು, ಉಳಿದ ಸ್ಥಳೀಯ ರಸ್ತೆಗಳಿಗೆ ಬಿಳಿ. ಬಿಳಿಯ ಫಲಕದ ರಸ್ತೆಯಿಂದ ಹಸಿರಿನ ಕಡೆ ತಿರುಗಿದರೆ ವಾಹನಗಳ ವೇಗವೂ ದಟ್ಟಣೆಯೂ ಹೆಚ್ಚಲಿವೆ ಎಂದು ಮುಂದಾಗಿಯೇ ತಿಳಿಯುತ್ತದೆ. ಅಕ್ಷರ ಬಲ್ಲವರಿಗೆ ಹೊಸ ಪುಸ್ತಕ ಓದಲು ಹೇಗೆ ಅಡ್ಡಿಯಿಲ್ಲವೋ ಹಾಗೆ, ಫಲಕ ಬಲ್ಲವರಿಗೆ ಹೊಸ ರಸ್ತೆಯೂ ಅಡ್ಡಿಯಲ್ಲ. ಬೇರೆ ಊರಿನಲ್ಲಿ ಟೆಸ್ಟ್ ಕೊಡಲಿರುವವರು ಹೆಚ್ಚಿನ ಶ್ರಮ ಹಾಕಬೇಕಾದದ್ದು ಇಲ್ಲಿಯೇ.

ಮುಂಚಿತ ತಯಾರಿ

ಸಾಧ್ಯವಿದ್ದರೆ ಟೆಸ್ಟಿಗೆ ಮುನ್ನ ಒಂದು ಸಲವಾದರೂ ಆ ಊರಿಗೆ ಹೋಗಿ ಕಾರು ಓಡಿಸಿ ಬರುವುದು ಒಳ್ಳೆಯದು. ಟೆಸ್ಟ್ 40 ನಿಮಿಷದೊಳಗೆ ಹೊರಟಲ್ಲಿಗೇ ಮರಳಬೇಕಾದ್ದರಿಂದ ಕೇಂದ್ರದಿಂದ 15-20 ನಿಮಿಷದ ಫಾಸಲೆಯನ್ನು ನೋಡಿಕೊಂಡರೆ ಸಾಕು. ಇಲ್ಲಿ ಹುಡುಕಬೇಕಾದದ್ದು ಮಾರ್ಗವನ್ನಲ್ಲ, ರಸ್ತೆಯ ಬಗೆಗಳನ್ನು. ಆ ಊರಿನಲ್ಲಿ ದೊಡ್ಡ ರೌಂಡಬೌಟ್ ಇದೆಯೇ, ಜೋಡಿ ರಸ್ತೆಗೆ ಸೇರಿಕೊಳ್ಳುವ ಇಳಿದಾರಿ ಗಿಡ್ಡವೇ ಉದ್ದವೇ, ರೈಲ್ವೆ ಗೇಟು, ಏಕಮುಖ ಬೀದಿ, ಕಡಿದಾದ ಏರು ಎಲ್ಲಿವೆ ಎಂದು ನೋಡಿ, ತನಗೆ ಅಭ್ಯಾಸವಿಲ್ಲದ ಬಗೆಯನ್ನು ಊರಿಗೆ ಮರಳಿ ಕಲಿಯಬಹುದು. ಆ್ಯಪ್‌ಗಳಲ್ಲಿ ಸಿಗುವ ಮಾರ್ಗಗಳನ್ನೇ ನೆಚ್ಚುವುದು ಅಪಾಯಕರ. ಕೇಂದ್ರಕ್ಕೆ ಹಲವು ಮಾರ್ಗಗಳಿರುತ್ತವೆ, ರಸ್ತೆ ಕಾಮಗಾರಿ ಬಂದರೆ ಪರೀಕ್ಷಕರು ದಾರಿ ಬದಲಿಸುತ್ತಾರೆ. ಬಾಯಿಪಾಠ ಮಾಡಿದ ದಾರಿ ತಪ್ಪಿದಾಗ ಆಗುವ ಗಾಬರಿ, ದಾರಿಯೇ ಗೊತ್ತಿಲ್ಲದವರಿಗೆ ಆಗುವುದಕ್ಕಿಂತ ಹೆಚ್ಚು.

ನೋಡಿ ಬರುವ ಹೊತ್ತೂ ಮುಖ್ಯ. ಟೆಸ್ಟ್ ಬೆಳಗಿನ ಮೊದಲ ಸರದಿಯಲ್ಲಿದ್ದರೆ ಕಚೇರಿ-ಶಾಲೆಗಳ ದಟ್ಟಣೆ, ಮಧ್ಯಾಹ್ನ ಮೂರರ ಸುಮಾರಿಗಿದ್ದರೆ ಶಾಲೆ ಬಿಡುವ ಗದ್ದಲ. ಅದೇ ವೇಳೆಗೆ ಒಮ್ಮೆ ಓಡಿಸಿದರೆ ನಿಜವಾದ ಚಿತ್ರ ಸಿಗುತ್ತದೆ. ಅನೇಕ ಕೇಂದ್ರಗಳು ಕೈಗಾರಿಕಾ ಪ್ರದೇಶದಲ್ಲಿರುತ್ತವೆ. ಗೇಟು ದಾಟುತ್ತಲೇ ಲಾರಿಗಳು, ನಿಲ್ಲಿಸಿದ ವ್ಯಾನುಗಳು, ಕಾಣದ ಅಡ್ಡರಸ್ತೆ ಎದುರಾಗುತ್ತವೆ. ಎದೆ ಹೆಚ್ಚು ಬಡಿಯುವ ಮೊದಲ ಎರಡು ನಿಮಿಷಗಳು ಕಳೆಯುವುದು ಇಲ್ಲಿಯೇ ಆದ್ದರಿಂದ, ಕೇಂದ್ರದಿಂದ ಹೊರಬೀಳುವ ರಸ್ತೆ ಒಂದನ್ನಾದರೂ ಪರಿಚಯ ಮಾಡಿಕೊಂಡಿರುವುದು ದೊಡ್ಡ ನೆರವು.

ಕಾರಿನ ವಿಷಯದಲ್ಲಿ ಎರಡು ದಾರಿಗಳಿವೆ. ತನ್ನ ಶಿಕ್ಷಕರನ್ನೂ ಅವರ ಕಾರನ್ನೂ ಕರೆದೊಯ್ದರೆ ಕ್ಲಚ್, ಬ್ರೇಕ್, ಗೇರ್ ಎಲ್ಲ ಕೈಕಾಲಿಗೆ ಒಗ್ಗಿರುತ್ತವೆ, ಆದರೆ ದೂರದ ಖರ್ಚು ಬೀಳುತ್ತದೆ. ಆ ಊರಿನ ಶಿಕ್ಷಕರನ್ನು ಗೊತ್ತು ಮಾಡಿಕೊಂಡರೆ ಅಲ್ಲಿನ ರಸ್ತೆಗಳ ಅರಿವು ಸಿಗುತ್ತದೆ, ಆದರೆ ಕಾರು ಹೊಸದು. ಹಾಗಾದಾಗ ಟೆಸ್ಟಿನ ಹಿಂದಿನ ದಿನವೂ ಟೆಸ್ಟಿಗೆ ಸ್ವಲ್ಪ ಮೊದಲೂ ಅದೇ ಕಾರಿನಲ್ಲಿ ಪಾಠ ಇಟ್ಟುಕೊಳ್ಳಬೇಕು. ಹೊಸ ಊರು, ಹೊಸ ಕಾರು ಎರಡೂ ಒಂದೇ ಗಳಿಗೆಯಲ್ಲಿ ಎದುರಾಗದಂತೆ ನೋಡಿಕೊಳ್ಳುವುದೇ ಜಾಣತನ. ಸ್ವಂತ ಕಾರು ಒಯ್ಯುವವರು ವಿಮೆ, ತೆರಿಗೆ, ಕಲಿಕೆಯ ಫಲಕ, ಪರೀಕ್ಷಕರಿಗೆ ಪ್ರತ್ಯೇಕ ಹಿನ್ನೋಟದ ಕನ್ನಡಿ ಇವೆಯೇ ಎಂದು ನೋಡಿಕೊಳ್ಳಬೇಕು. ಎಚ್ಚರಿಕೆಯ ದೀಪ ಉರಿಯುತ್ತಿದ್ದರೆ ಟೆಸ್ಟ್ ರದ್ದಾಗಿ ಶುಲ್ಕವೂ ಹೋಗಬಹುದು. ಆಟೊಮ್ಯಾಟಿಕ್ ಕಾರಿನಲ್ಲಿ ಪಾಸಾದರೆ ಸಿಗುವುದು ಆಟೊಮ್ಯಾಟಿಕ್ ಲೈಸೆನ್ಸ್ ಮಾತ್ರ.

ಸಾಕಷ್ಟು ಸಿದ್ಧತೆ ಆಗಿಲ್ಲವೆನಿಸಿದರೆ ದಿನಾಂಕ ಮುಂದೂಡುವುದು ನಷ್ಟವಲ್ಲ. 2025ರ ಏಪ್ರಿಲ್‌ನಿಂದ ಕಾರಿನ ಟೆಸ್ಟಿಗೆ 10 ಕೆಲಸದ ದಿನಗಳಷ್ಟು ಮೊದಲೇ ತಿಳಿಸಿದರೆ ಶುಲ್ಕ ಕಳೆದುಕೊಳ್ಳದೆ ಬದಲಾಯಿಸಬಹುದು.

ಟೆಸ್ಟಿನ ಹೊತ್ತಿನಲ್ಲಿ

ಅರಿಯದ ಊರಿನಲ್ಲಿ ಟೆಸ್ಟ್ ಕೊಡುವವರು ಮೊದಲು ತಿಳಿಯಬೇಕಾದ ಸಂಗತಿ ಒಂದಿದೆ: ದಾರಿ ತಪ್ಪುವುದು ತಪ್ಪಲ್ಲ. ಸ್ಯಾಟ್‌ನ್ಯಾವ್ ಎಡಕ್ಕೆ ಹೇಳಿದಾಗ ಅಭ್ಯರ್ಥಿ ಬಲಕ್ಕೆ ಹೋದರೂ, ಸರಿಯಾದ ಲೇನಿನಲ್ಲಿ, ಸರಿಯಾದ ಸೂಚನೆ ಕೊಟ್ಟು, ಯಾರಿಗೂ ತೊಂದರೆಯಾಗದಂತೆ ಹೋದರೆ ಅದಕ್ಕೆ ಅಂಕ ಕಳೆಯುವುದಿಲ್ಲ. ಪರೀಕ್ಷಕರು ಮತ್ತೆ ದಾರಿಗೆ ತರುತ್ತಾರೆ. ಫೇಲಾಗುವುದು ದಾರಿ ಸರಿಪಡಿಸಲು ಹೋಗಿ ಕೊನೆಯ ಗಳಿಗೆಯಲ್ಲಿ ಲೇನು ಹಾರಿದಾಗ, ರೌಂಡಬೌಟಿನ ನಡುವೆ ಬ್ರೇಕ್ ಹಾಕಿದಾಗ. ಆದ್ದರಿಂದ ಯಾವ ಲೇನಿನಲ್ಲಿ ಸಿಕ್ಕಿಕೊಂಡೆವೋ ಆ ಲೇನು ಹೋಗುವ ಕಡೆಗೇ ಹೋಗುವುದು ಸರಿ. ಪರೀಕ್ಷೆ ಮುಗಿದು ಲೈಸೆನ್ಸ್ ಬಂದ ಮೇಲೂ ಪಾಲಿಸಬೇಕಾದ ನಿಯಮವಿದು.

ಸೂಚನೆ ಸರಿಯಾಗಿ ಕೇಳಿಸದಿದ್ದರೆ ಇನ್ನೊಮ್ಮೆ ಹೇಳುವಂತೆ ಕೇಳಬಹುದು. ಅದಕ್ಕೂ ಅಂಕ ಹೋಗುವುದಿಲ್ಲ. ಸ್ಕಾಟ್ಲೆಂಡ್ ಅಥವಾ ಉತ್ತರ ಇಂಗ್ಲೆಂಡಿನ ಮಾತಿನ ಧಾಟಿ ಕಿವಿಗೆ ಹೊಸದಾಗಿರುವ ಭಾರತೀಯರು ಇದಕ್ಕೆ ಸಂಕೋಚ ಪಡಬೇಕಾಗಿಲ್ಲ. ಎರಡನೆಯ ಎಕ್ಸಿಟ್ ಅಂದರೆ ಯಾವುದೆಂದು ಊಹಿಸುತ್ತಾ ಕೂರುವುದಕ್ಕಿಂತ ಕೇಳುವುದು ಲೇಸು. ಸ್ಯಾಟ್‌ನ್ಯಾವ್ ಪರೀಕ್ಷಕರೇ ತಂದು ಇಡುತ್ತಾರೆ. ಅದನ್ನು ಕಿವಿಯಿಂದ ಬಳಸಬೇಕು, ಕಣ್ಣು ರಸ್ತೆಯಲ್ಲೇ ಇರಬೇಕು. ಅದು ತೋರಿಸುವ ವೇಗದ ಮಿತಿಯನ್ನು ನಂಬಬಾರದು. ರಸ್ತೆಯ ಫಲಕವೇ ಅಂತಿಮ.

ಫಲಕವೊಂದು ಕಣ್ತಪ್ಪಿದರೆ ಗುರುತಿಗೆ ಬೇರೆ ದಾರಿಗಳಿವೆ. ಬೀದಿದೀಪ, ಮನೆಗಳ ಸಾಲು, ಸಣ್ಣ ಪುನರಾವರ್ತಿತ ಫಲಕಗಳು ಮಿತಿಯನ್ನು ತಿಳಿಸುತ್ತವೆ. ಅಡ್ಡರಸ್ತೆಯಲ್ಲಿ ನೋಟ ಸಿಗದಿದ್ದರೆ ನಿಂತು, ನಿಧಾನವಾಗಿ ಮುಂದೆ ಸರಿದು ನೋಡಬೇಕು. ಮುಂದೆ ಹೋಗುವ ಕಾರು ಸ್ಥಳೀಯರದ್ದೆಂದು ಅದನ್ನು ಹಿಂಬಾಲಿಸುವುದು ಸಲ್ಲ. ಅದು ಹೋಗುವ ಊರು ಬೇರೆ, ಅದರ ವೇಗವೂ ತಪ್ಪಿರಬಹುದು. ಒಂದು ತಪ್ಪಾಯಿತೆಂದು ಎನಿಸಿದರೂ ಅದರ ಲೆಕ್ಕ ಹಾಕುತ್ತಾ ಕೂರಬಾರದು. ಎಷ್ಟೋ ಸಲ ಅದು ಸಣ್ಣ ತಪ್ಪಾಗಿರುತ್ತದೆ, ಅದರ ಚಿಂತೆಯಲ್ಲಿ ಆಗುವ ಮುಂದಿನದು ದೊಡ್ಡದಾಗುತ್ತದೆ.

ಫಲಿತಾಂಶವನ್ನು ಪರೀಕ್ಷಕರು ಕೇಂದ್ರಕ್ಕೆ ಮರಳಿದ ಕೂಡಲೇ ತಿಳಿಸುತ್ತಾರೆ. ಆ ವಿವರಣೆ ಕೇಳಲು ಶಿಕ್ಷಕರನ್ನೂ ಜೊತೆಗಿಟ್ಟುಕೊಳ್ಳಬಹುದು. ಟೆಸ್ಟಿನ ವೇಳೆ ಹಿಂದಿನ ಸೀಟಿನಲ್ಲಿ ಅವರು ಕೂರಲೂ ಅವಕಾಶವಿದೆ. ಫೇಲಾದವರು ಕನಿಷ್ಠ 10 ಕೆಲಸದ ದಿನ ಬಿಟ್ಟು ಮತ್ತೆ ಬರಬಹುದು. ಎರಡನೆಯ ಸಲಕ್ಕೆ ಅದೇ ಕೇಂದ್ರವನ್ನು ಆರಿಸಿಕೊಂಡರೆ ಅಲ್ಲಿನ ರಸ್ತೆಗಳು ಅಷ್ಟರಮಟ್ಟಿಗೆ ಪರಿಚಿತವಾಗಿರುತ್ತವೆ.

ಕರ್ನಾಟಕದ ರೀತಿ, ಅಲ್ಲಿನ ಪಾಠ

ಕರ್ನಾಟಕದಲ್ಲಿ ಟೆಸ್ಟಿನ ಊರು ಇಷ್ಟು ದೊಡ್ಡ ಪ್ರಶ್ನೆಯಾಗುವುದಿಲ್ಲ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯು ರಾಜ್ಯದ ಯಾವುದೇ ಪ್ರಾಧಿಕಾರದಲ್ಲಿ ಲೈಸೆನ್ಸಿಗೆ ಅರ್ಜಿ ಹಾಕುವ ಅವಕಾಶ ಕಲ್ಪಿಸಿದೆ. ಆದರೆ ಇಲ್ಲಿ ಟೆಸ್ಟ್ ಹೆಚ್ಚಾಗಿ ನಡೆಯುವುದು ಆರ್‌ಟಿಒ ಮೈದಾನದಲ್ಲಿ ಅಥವಾ ಸೆನ್ಸರ್ ಅಳವಡಿಸಿದ ಪಥದಲ್ಲಿ. ಎಂಟು ಹಾಕುವುದು, ರಿವರ್ಸ್, ಏರಿನಲ್ಲಿ ನಿಲ್ಲಿಸಿ ಹೊರಡುವುದು, ಇವು ವಾಹನದ ಮೇಲಿನ ಹಿಡಿತವನ್ನು ಕರಾರುವಾಕ್ಕಾಗಿ ಅಳೆಯುತ್ತವೆ. ಎದುರಿನ ಬಸ್ಸು, ದಾಟುವ ಮಗು, ಕಾಣದ ಅಡ್ಡರಸ್ತೆ, ಬದಲಾಗುವ ವೇಗದ ಮಿತಿ ಆ ಪಥದಲ್ಲಿ ಬರುವುದಿಲ್ಲ. ಇಲ್ಲಿ ಪಾಸಾಗಿ ಅಲ್ಲಿ ಮೊದಲ ಸಲ ಟೆಸ್ಟ್ ಕೊಡುವ ಅನುಭವಿ ಚಾಲಕರು ಎಡವುವುದು ಸ್ಟಿಯರಿಂಗ್, ಗೇರುಗಳಲ್ಲಿ ಅಲ್ಲ; ನೋಡುವುದರಲ್ಲಿ ಮತ್ತು ಮುಂದಾಗಿ ಯೋಚಿಸುವುದರಲ್ಲಿ.

ಲೈಸೆನ್ಸ್ ಪಡೆದ ಮೇಲೆ ಚಾಲಕರು ಓಡಿಸುವ ರಸ್ತೆಗಳಲ್ಲಿ ಹೆಚ್ಚಿನವು ಮೊದಲ ಸಲ ಕಾಣುವಂಥವೇ. ಮದುವೆಗೆ ಹೋಗುವ ಹಳ್ಳಿ, ವರ್ಗವಾದ ಊರು, ರಜೆಯ ಘಾಟಿ ದಾರಿ, ಎಲ್ಲೂ ಜೊತೆಗೆ ಶಿಕ್ಷಕರಿರುವುದಿಲ್ಲ. ಊರು ಯಾವುದೇ ಇರಲಿ, ಫಲಕ ಓದಿ, ಕನ್ನಡಿ ನೋಡಿ, ಕಾಣುವಷ್ಟೇ ದೂರಕ್ಕೆ ತಕ್ಕ ವೇಗ ಇಟ್ಟುಕೊಂಡು, ದಾರಿ ತಪ್ಪಿದರೂ ನೆಮ್ಮದಿಯಿಂದ ಮುಂದಿನ ತಿರುವು ಹುಡುಕಬಲ್ಲವರು ಟೆಸ್ಟಿಗೆ ಸಿದ್ಧರಾದಂತೆ. ಒಂದೇ ಊರಿನ ಒಂದೇ ಮಾರ್ಗದಲ್ಲಿ ಮಾತ್ರ ಪಾಸಾಗಬಲ್ಲವರು ಇನ್ನೂ ಕೆಲವು ಪಾಠ ತೆಗೆದುಕೊಳ್ಳುವುದು ಅವರಿಗೂ, ಅವರೊಂದಿಗೆ ರಸ್ತೆ ಹಂಚಿಕೊಳ್ಳುವವರಿಗೂ ಒಳ್ಳೆಯದು.